ಬೇರೆ ಫೋಲ್ಡರಿಗೆ ಹೋದ ಸುರಂಗಗಳು

ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ವರದಿಗಾಗಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಗಣಿಯ ನಕ್ಷೆ ವಿಭಾಗದ ಯುವಕನೊಬ್ಬ ತನ್ನ ಮೇಲಧಿಕಾರಿಯ ಜೊತೆ ಕೂತಿದ್ದ. ಕದ್ದು ಕೇಳಿದ್ದು ತಪ್ಪೇ ಇರಬಹುದು, ಆದರೂ ಬರೆದಿಡುತ್ತಿದ್ದೇನೆ.

"ಫೈಲ್ ತೆರೆಯೋಕೆ ಹತ್ತು ನಿಮಿಷ ಹಿಡೀತಿತ್ತು ಮೇಡಂ. ಅದಕ್ಕೇ ಹಳೇ ಸುರಂಗಗಳನ್ನೆಲ್ಲ ನಕ್ಷೆಯಿಂದ ತೆಗೆದು ಬೇರೆ ಫೋಲ್ಡರಿಗೆ ಹಾಕಿದ್ದೆ."

"ವಾಪಸ್ ಸೇರಿಸಲಿಲ್ವಾ?"

"ಮರೆತೆ. ಆ ನಕ್ಷೆನೇ ಕೆಳಗೆ ಗಣಿಯೊಳಕ್ಕೆ ಹೋಯ್ತು. ಭಾವ ಅದನ್ನ ನೋಡ್ಕೊಂಡು ಕೊರೆದ್ರು. ಹಳೇ ಸುರಂಗದಲ್ಲಿ ತುಂಬಿದ್ದ ನೀರು ನುಗ್ಗಿಬಿಡ್ತು."

"ನಾನೂ ಸರಿಯಾಗಿ ನೋಡದೆ ಸಹಿ ಹಾಕಿದೆ ಕಣಪ್ಪ."

"ನಿನ್ನ ನಕ್ಷೆ ಅಂದ್ರೆ ಕಣ್ಮುಚ್ಕೊಂಡು ಕೊರೀತೀನಿ ಅಂತ ಭಾವ ರೇಗಿಸ್ತಿದ್ರು."

"ನಿಮ್ಮಕ್ಕನಿಗೆ ಗೊತ್ತಾ?"

"ಕಲ್ಲು ಕುಸಿದಿದ್ದು ಅಂತ ಯಾರೋ ಹೇಳಿದ್ದಾರೆ. ನಾನೂ ಹೂಂ ಅಂದುಬಿಟ್ಟೆ."

ಅಷ್ಟರಲ್ಲಿ ಶವಾಗಾರದ ಕಡೆಯಿಂದ ಹೆಂಗಸೊಬ್ಬಳು ಬಟ್ಟೆಯ ಚೀಲ ಹಿಡಿದು ಬಂದಳು. ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು.

"ತಮ್ಮಾ, ನಿಮ್ಮ ಭಾವನ ಅಂಗಿ ಯಾಕೋ ಇಷ್ಟು ಒದ್ದೆಯಾಗಿದೆ? ಕಲ್ಲು ಬಿತ್ತು ಅಂದ್ರಲ್ಲ?"

ಅವನು ಎದ್ದು ಚೀಲವನ್ನು ತನ್ನ ಕೈಗೆ ತೆಗೆದುಕೊಂಡ.

"ಆಚೆ ಬಾ ಅಕ್ಕ, ಹೇಳ್ತೀನಿ."

ಮೇಲಧಿಕಾರಿಯೂ ಎದ್ದು ಅವರ ಹಿಂದೆಯೇ ಹೋದರು.