ಬರೇ ಸುರ್ ಹಿಡೀರಿ, ಮಾಸ್ತರ

ನಾ ಹೇಳೋ ಹತ್ತು ಮಾತಿನ್ಯಾಗ ಒಂಬತ್ತು ಸುಳ್ಳು ಅಂತ ಇಳಕಲ್ಲಿನ ನಾಯಿಗೂ ಗೊತ್ತೈತಿ. ಮಲಪ್ರಭಾ ಈಜಿ, ನಡುವ ಮೊಸಳಿಗೆ ಮೀಸಿ ತಿದ್ದಿ ಬಂದಾಂವ ನಾ. ಆದ್ರ ಇದು ಹತ್ತನೇ ಮಾತು. ಕಂದೀಲು ಸಣ್ಣ ಮಾಡ್ರಿ... ಹಾಂ. ಸಾಕು.

ಎಂಬತ್ತಾರನೇ ಇಸವಿ, ವೈಶಾಖ. ನಮ್ಮ ಕಾಕಾನ ಮಗ ಮಧುಸೂದನ ರಾತ್ರಿ ಒಂದರ ಸುಮಾರಿಗೆ ಕೀಬೋರ್ಡ ಬಗಲಾಗ ಹಿಡಕೊಂಡು ಹುನಗುಂದ ರಸ್ತೆದ ಹಾಳು ಬಾವಿ ದಾಟಿ ಮನಿಗೆ ಹೊಂಟಿದ್ದ. ಮಗ್ಗ ಎಲ್ಲಾ ನಿಂತಿದ್ದವು. ಚಪ್ಪಲಿ ಸಪ್ಪಳ ಒಂದ... ಚಟ್, ಚಟ್. ಬಾವಿ ಗಾಲಿ ತಾನ ತಿರುಗಿತು... ಕಿರ್ರ್. ಗಾಳಿ ಇರಲಿಲ್ಲ.

ಅಷ್ಟೊತ್ತಿನ್ಯಾಗ ಅವಂಗೇನ ಕೆಲಸ ಅಂತೀರಿ? ಕೇಳ್ರಿ.

ಮದುವಿ ಬ್ಯಾಂಡಿನ್ಯಾಗ ಮಧು ಹಾರ್ಮೋನಿಯಂ ಬಾರಸ್ತಿದ್ದ, ಅಮಾತೆಪ್ಪ ಸನಾದಿ ಊದ್ತಿದ್ದ. ಹಿಂದಿನ ವರ್ಷ ಮಾಲಕ ಮುಂಬೈಯಿಂದ ಈ ಕೀಬೋರ್ಡ ತಂದ. ಒಂದ ಗುಂಡಿ ಒತ್ತಿದ್ರ ಪಿಟೀಲು, ಇನ್ನೊಂದು ಒತ್ತಿದ್ರ ಕೊಳಲು, ಎರಡೂ ಕೂಡೇ ಒತ್ತಿದ್ರ ಎರಡೂ ಬೆರೀತಿದ್ದವು. ಮಧು ಹಿಗ್ಗಿನ್ಯಾಗ ಎಲ್ಲಾರ ಮುಂದ ಅಂದುಬಿಟ್ಟ: "ಅಮಾತೆಪ್ಪಾ, ನಿನ್ನ ಸನಾದಿನೂ ಇದರಾಗ ಐತಿ ನೋಡೋ. ಹನ್ನೊಂದನೇ ಗುಂಡಿ!"

ಎಲ್ಲಾರೂ ನಕ್ಕರು. ಅಮಾತೆಪ್ಪನೂ ನಕ್ಕ. ಮರುದಿನದಿಂದ ಮಾಲಕ ಅವನ್ನ ಕರೀಲಿಲ್ಲ. ಸನಾದಿ ಅರಿವಿ ಸುತ್ತಿಸಿಕೊಂಡು ಗೂಟಕ್ಕ ಜೋತುಬಿತ್ತು. ಶ್ರಾವಣದಾಗ ಜ್ವರ ಬಂದು ಅಮಾತೆಪ್ಪ ತೀರಿಕೊಂಡ.

ಈಗ ಅವನ ಮಗಳು ಹುಲಿಗೆವ್ವನ ಮದುವಿ. ನಾಲ್ಕು ಮೂಲಿಗೆ ತಂಬಿಗಿ ಇಟ್ಟು, ನೂಲು ಸುತ್ತಿ, ನಡುವ ಮದುಮಗಳನ್ನ ಕೂಡಿಸಿ ನೀರು ಹಾಕೋದು ಸುರಗಿ; ಸನಾದಿ ಇಲ್ಲದ ಆ ನೀರು ಬೀಳೂದಿಲ್ಲ. ಹುಡುಗಿ ಹಠ ಹಿಡಿದ್ಲು. "ನಮ್ಮಪ್ಪನ ಸನಾದಿ ಆಗಬೇಕು. ಬ್ಯಾರೇದವರು ಊದಿದ್ರ ನಾ ಮಣಿ ಮ್ಯಾಲ ಕೂಡಾಕಿ ಅಲ್ಲ." ಬೀಗರು ಕಲಾದಗಿಯವರು. ಒಮ್ಮೆ ಎದ್ದು ಹೋದ್ರ ತಿರುಗಿ ಬರೋ ಮಂದಿ ಅಲ್ಲ.

ಅಮಾತೆಪ್ಪನ ಹೆಣ್ತಿ ದುರಗವ್ವ ಮಧುನ ಕಟ್ಟಿ ಕೆಳಗ ಬಂದು ನಿಂತ್ಲು. ಅಳಲಿಲ್ಲ, ಬೈಲಿಲ್ಲ.

"ಮಾಸ್ತರ, ಅವರ ಸನಾದಿ ನಿಮ್ಮ ಪೆಟಿಗ್ಯಾಗ ಐತಿ ಅಂದಿದ್ರೆಲ್ಲ. ತಗದು ಕೊಡ್ರಿ."

ಮೂರು ರಾತ್ರಿ ಮಧು ಉಣ್ಣಲಿಲ್ಲ. ಹನ್ನೊಂದನೇ ಗುಂಡಿ ಹಸದ ಬೆಕ್ಕಿನ ಮರಿ ಒದರಿದಂಗ ಒದರ್ತಿತ್ತು. ಅದಕ್ಕ ಪಿಟೀಲು ಬೆರಸಿದ, ಭಾಳ ನುಣ್ಣಗಾತು. ಕೊಳಲು ಬೆರಸಿದ, ಸಿಹಿ ಆತು. ಕ್ಲಾರಿಯೋನೆಟ್ ಹಾಕಿದ, ಬ್ಯಾಂಡ ಆತು, ಅಮಾತೆಪ್ಪ ಆಗಲಿಲ್ಲ. ಒಂದೊಂದು ಬೆರಕಿ ಕೂಡಿಸಿಕೊಂಡು ಅವರ ಮನಿಗೆ ಓಡಾಂವ, ಬಾಗಿಲದಾಗ ಕೂತು ಬಾರಸಾಂವ. ಒಳಗಿಂದ ಒಂದ ಮಾತು.

"ಇದಲ್ಲ."

ಕಡೀ ರಾತ್ರಿ ಕೈ ಮುಗದು ಕೇಳಿದ, "ಏನ ಕಡಿಮಿ ಆಗೇತಿ, ದುರಗವ್ವಾ?"

"ಉಸುರು, ಮಾಸ್ತರ. ಊದೂಕಿಂತ ಮೊದಲ ಅವರು ಮೂಗಿಲೆ ಉಸುರು ಎಳೀತಿದ್ರು. ನಿಮ್ಮ ಪೆಟಿಗಿ ಎಳೀವಲ್ದು."

ಬೆಳಗಾದ್ರ ಸುರಗಿ. ಉಸುರಿಗೆ ಯಾವ ಗುಂಡಿ?

ಹಂಗ ಬರುವಾಗನ ಆ ಬಾವಿ. ಮುಂದ ಕಾಲ ಏಳಲಿಲ್ಲ ಅವಂಗ. ಕಟ್ಟಿ ಮ್ಯಾಲ ಕೂತ. ಹನ್ನೊಂದು, ನಾಲ್ಕು... ಹನ್ನೊಂದು, ಏಳು... ಕಡೀಕ ಗುಂಡಿ ಕಾಣದಂಗ ಕಣ್ಣು ತುಂಬಿದವು. "ಸುಳ್ಳು ಹೇಳಿದ್ನೋ ಅಮಾತೆಪ್ಪಾ... ನೀ ಇದರಾಗ ಇಲ್ಲ."

ಎಡಗಿವಿ ಮಗ್ಗಲ... ಸ್ಸೂಂ.

ಮೂಗಿಲೆ ಎಳದ ಉಸುರು.

"ಮಾಸ್ತರ."

"...ಯಾರು?"

"ಸುರ್ ಹಿಡಿಯಾಂವ ಯಾರ್ರಿ?"

ಸನಾದಿ ಅಂದ್ರ ಇಬ್ಬರ ಕೆಲಸ. ಒಬ್ಬಾಂವ ರಾಗ ಊದಬೇಕು, ಮಗ್ಗಲದಾಂವ ಒಂದ ಸುರ್ ಬಿಡದಂಗ ಹಿಡೀಬೇಕು. ಮೂರು ದಿನ ಮಧು ಊದಾವನ್ನ ಹುಡುಕ್ಯಾನ. ಹಿಡಿಯಾಂವ ನೆನಪಿಗೇ ಬಂದಿಲ್ಲ.

"ಯಾ... ಯಾರೂ ಇಲ್ಲೋ."

"ಹಂಗಾರ ನೀವ ಹಿಡೀರಿ. ಮ್ಯಾಲಿನ ರಾಗ ನನಗ ಬಿಡ್ರಿ."

"ಯಾವ ಗುಂಡಿ ಒತ್ತಲಿ?"

"ಯಾವುದರ ಒತ್ರಿ... ಬೆರಳ ಎತ್ತಬ್ಯಾಡ್ರಿ."

ಕಿರ್ರ್. ಆಮ್ಯಾಲ ಏನಿಲ್ಲ.

ನಸುಕಿನ್ಯಾಗ ಸುರಗಿ. ಬ್ಯಾಟರಿ ಚೀಲ ಹೊತ್ತಾಂವ ನಾ, ಅಂದ್ರ ಅರ್ಧ ಕಚೇರಿ ನಂದ ಅಂತ ತಿಳೀರಿ. ಮಧುನ ಬೆನ್ನ ಹಿಂದ ಕೂತಿದ್ದೆ. ಹುಲಿಗೆವ್ವ ಬಾಗಿಲಕ್ಕ ಆತು ನಿಂತಿದ್ಲು, ಕೂಡವಲ್ಲಳು. ಬೀಗರು ಒಬ್ಬರ ಮಾರಿ ಒಬ್ಬರು ನೋಡಾಕ ಹತ್ತಿದ್ರು.

ಮಧು ಹನ್ನೊಂದು ಒತ್ತಲಿಲ್ಲ. ಬರೇ ಆರ್ಗನ್. ಎಡಗೈಲೆ ಒಂದ ಕರೀ ಪಟ್ಟಿ ಒತ್ತಿದ. ಹೂಂಂಂ... ಅಷ್ಟ. ಮಂದಿ ಗುಸುಗುಸು ಸುರು ಆತು. "ಏ ಮಾಸ್ತರ, ಪೆಟಿಗಿಗೆ ನಿದ್ದಿ ಬಂದೈತೇನು?" ಅಂದ ಒಬ್ಬಾಂವ. ಮಧುನ ಹಣೀಲಿಂದ ಬೆವರು ಪೆಟಿಗಿ ಮ್ಯಾಲ ಬಿತ್ತು... ಟಪ್.

ಆಮ್ಯಾಲ... ಸ್ಸೂಂ.

ಸನಾದಿ ಎದ್ದಿತು.

ದುರಗವ್ವ ಸೆರಗು ಮಾರಿಗೆ ಎಳಕೊಂಡ್ಲು. "ಇದಲ್ಲ" ಅನ್ನಲಿಲ್ಲ. ಹುಲಿಗೆವ್ವ "ಯಪ್ಪಾ..." ಅಂತ ಒಂದ ಸಲ ಅಂದು, ಬಂದು ಮಣಿ ಮ್ಯಾಲ ಕೂತ್ಲು. ನೀರು ಬಿತ್ತು. ಮಂದಿ "ಎಂಥಾ ಪೆಟಿಗಿಲೇ!" ಅಂದ್ರು. ಅವರು ಮುಂದ ಕೂತಿದ್ರು. ನಾ ಹಿಂದ ಇದ್ದೆ. ಮಧುನ ಬಲಗೈ ತೊಡಿ ಮ್ಯಾಲ ಇತ್ತು, ಪಾಯಿಜಾಮ ಗಟ್ಟಿ ಹಿಡಕೊಂಡಿತ್ತು. ಎಡಗೈ ಬೆರಳು ಬೆಳ್ಳಗಾಗಿತ್ತು. ಕಡೀ ತಂಬಿಗಿ ತನಕ ಎತ್ತಲಿಲ್ಲ.

ಎಲ್ಲಾ ಮುಗದ ಮ್ಯಾಲ ಮಗಳ ಹಣೀಗೆ ಮುಟ್ಟಸಾಕ ಅಂತ ದುರಗವ್ವ ಗೂಟದ ಸನಾದಿ ಇಳಿಸಿದ್ಲು. ಶ್ರಾವಣದಾಗ ಆಕೀನ ಕಟ್ಟಿದ ಗಂಟು ಹಂಗ ಇತ್ತು, ಮ್ಯಾಲ ಬೆರಳುದ್ದ ಜೇಡರ ಬಲಿ. ನನ್ನ ಕೈಯಾಗ ಕೊಟ್ಟು, "ನೀವ ಬಿಚ್ಚರಿ ಅಣ್ಣಾರ" ಅಂದ್ಲು. ನಾನ ಬಿಚ್ಚಿದೆ. ಬಾಯಾಗ ಇಟ್ಟು ಊದೋ ಗರಿ ಮುಟ್ಟಿ ನೋಡಿದೆ.

ಮೊಸಳಿ ಮೀಸಿ ಸುಳ್ಳು, ಒಪ್ಪಿದೆ. ಗರಿ ಹಸಿ ಇತ್ತು.