ಪರದೆ ಬಿದ್ದ ಬಗ್ಗೆ ಹೊಲಿಗೆ ಟೀಚರ್ ಬರೆಸಿದ್ದು

ಹೊಲಿಗೆ ಟೀಚರ್ ಎಂದು ಊರಿಗೆಲ್ಲ ಗೊತ್ತಿರುವ ನಾನು, ವಯಸ್ಸು 51 ವರ್ಷ, ಉದ್ಯೋಗ ಪ್ರೌಢಶಾಲೆಯಲ್ಲಿ ಹೊಲಿಗೆ ಶಿಕ್ಷಕಿ, ವಾಸ ಶಾಲೆಯ ಹಿಂದಿನ ಶಿಕ್ಷಕರ ವಸತಿಯ ಎರಡನೆಯ ಮನೆ, ಯಾರೂ ಕರೆಸದೆ ನಾನಾಗಿಯೇ ಈ ದಿನ ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಾನು ಸದರಿ ಶಾಲೆಯಲ್ಲಿ 22 ವರ್ಷಗಳಿಂದ ಕೆಲಸದಲ್ಲಿದ್ದೇನೆ. ಅದರಲ್ಲಿ 14 ವರ್ಷ ಶಾಲೆಯ ನಾಟಕಗಳನ್ನು ನಾನೇ ಆಡಿಸಿದ್ದೇನೆ. ಸಭಾಂಗಣದ ಕೆಂಪು ಪರದೆಯನ್ನು ಹೊಲಿದವಳೂ ನಾನೇ. ಅದು ಪಕ್ಕಕ್ಕೆ ಸರಿಯುವ ಪರದೆಯಲ್ಲ, ಮೇಲಕ್ಕೇರುವ ಪರದೆ. ಬಟ್ಟೆ ನೇರ ನಿಲ್ಲಲೆಂದು ಕೆಳ ಅಂಚಿನಲ್ಲಿ ಮರದ ಕೋಲು ಸೇರಿಸಿ ಹೊಲಿದಿದ್ದೇನೆ. ಅದರ ಹಗ್ಗ ರಾಟೆಯ ಮೇಲಿಂದ ಇಳಿದು ವೇದಿಕೆಯ ಬಲಗಡೆಯ ಕಿಟಕಿಯ ಸರಳಿಗೆ ಕಟ್ಟಿರುತ್ತದೆ. ಆ ಗಂಟು ಹಾಕಲು ಬಿಚ್ಚಲು ನನಗೊಬ್ಬಳಿಗೇ ಬರುತ್ತದೆ. ಯಾರಿಗೂ ಕಲಿಸಿಲ್ಲ.

ಈ ವರ್ಷ ಜೂನ್ ತಿಂಗಳಲ್ಲಿ ವಿಜ್ಞಾನಕ್ಕೆ ಹೊಸ ಟೀಚರ್ ಬಂದರು. ವಯಸ್ಸು 27 ಇರಬಹುದು. ಬಂದ ಮೂರನೆಯ ವಾರಕ್ಕೇ ಮುಖ್ಯೋಪಾಧ್ಯಾಯರು ನನ್ನನ್ನು ಕರೆದು, ಟೀಚರೇ, ಈ ಸಲ ನಾಟಕ ಆ ಹುಡುಗಿ ನೋಡ್ಕೊಳ್ಳಲಿ, ನಿಮಗೂ ಸ್ವಲ್ಪ ವಿಶ್ರಾಂತಿ ಆಗತ್ತೆ ಎಂದರು. ನಾನು ವಿಶ್ರಾಂತಿ ಕೇಳಿರಲಿಲ್ಲ. ನಾನು ಮಾಡಿದ 9 ರಟ್ಟಿನ ಕಿರೀಟಗಳನ್ನು ಆಟದ ಸಾಮಾನಿನ ಕೋಣೆಯಲ್ಲಿ ಮೂಲೆಗೆ ಒಟ್ಟಿದರು.

ಸದರಿ ಟೀಚರ್ ತಾವೇ ನಾಟಕ ಬರೆದರು. ರಾಜನಿಲ್ಲ, ಕತ್ತಿಯಿಲ್ಲ. ನಾಲ್ಕು ಹುಡುಗಿಯರು ಬೆಂಚಿನ ಮೇಲೆ ಕೂತು ಬಸ್ಸು ಕಾಯುತ್ತಾರೆ, ಕೊನೆಗೆ ಒಬ್ಬಳು ಹೊರಡುತ್ತಾಳೆ, ಮೂವರು ಉಳಿಯುತ್ತಾರೆ. ಇಷ್ಟೇ. ಇದೂ ಒಂದು ನಾಟಕವೇ ಎಂದು ನಾನು ಮೂಗು ಮುರಿದದ್ದು ನಿಜ. ಹೊರಡುವ ಹುಡುಗಿಯ ಪಾತ್ರ ನನ್ನ ತಂಗಿಯ ಮಗಳದು. 11 ದಿನಗಳ ತಾಲೀಮನ್ನು ಹೊಲಿಗೆ ಕೋಣೆಯ ಕಿಟಕಿಯಿಂದ ಕೇಳಿದ್ದೇನೆ. ಹೊಟ್ಟೆ ಉರಿದುಕೊಂಡೇ ಕೇಳಿದ್ದೇನೆ. ಒಂದೊಂದು ಮಾತೂ ನನಗೆ ಬಾಯಿಪಾಠ.

ಕಳೆದ ಗುರುವಾರ ನಮ್ಮ ಸಭಾಂಗಣದಲ್ಲಿ ಆರು ಶಾಲೆಗಳ ನಾಟಕ ಸ್ಪರ್ಧೆ ನಡೆಯಿತು. ನಮ್ಮ ನಾಟಕ ಮಧ್ಯಾಹ್ನ 3 ಗಂಟೆ 46 ನಿಮಿಷಕ್ಕೆ ಆರಂಭವಾಯಿತು. ಮೂವತ್ತು ನಿಮಿಷ ಮೀರಿದರೆ ಅಂಕ ಕಡಿತವಾಗುವುದರಿಂದ ಮುಖ್ಯೋಪಾಧ್ಯಾಯರು ಗಡಿಯಾರ ಹಿಡಿದು ವೇದಿಕೆಯ ಎಡ ಅಂಚಿನಲ್ಲಿ ನಿಂತಿದ್ದರು. ಪರದೆ ಏರಿಸಿ ಗಂಟು ಹಾಕಿಕೊಟ್ಟವಳು ನಾನೇ, ಹಗ್ಗವನ್ನು ಯಾರೂ ಮುಟ್ಟದಂತೆ ಕಾಯಲು ಮಾತ್ರ ಜವಾನನನ್ನು ನಿಲ್ಲಿಸಿದ್ದರು. 4 ಗಂಟೆಗೆ ನಾನು ಅವನ ಹತ್ತಿರ ಹೋಗಿ, ತೀರ್ಪುಗಾರರಿಗೆ ನೀರು ತಗೊಂಡ್ಹೋಗಿ ಕೊಡಪ್ಪ, ಹಗ್ಗ ನಾನ್ ನೋಡ್ಕೋತೀನಿ ಎಂದೆ. ಅವನು, ಸರಿ ಅಮ್ಮಾ ಎಂದು ಹೋದ. ಆಗ ನನ್ನ ಮನಸ್ಸಿನಲ್ಲಿ ಯಾವ ಕೆಟ್ಟ ಯೋಚನೆಯೂ ಇರಲಿಲ್ಲ. ಪರದೆಯ ಪಕ್ಕ ನಿಲ್ಲಬೇಕು ಅನ್ನಿಸಿತ್ತು, ಅಷ್ಟೇ.

4 ಗಂಟೆ 9 ನಿಮಿಷಕ್ಕೆ ಹೊರಡುವ ಹುಡುಗಿ ಬೆಂಚಿನಿಂದ ಎದ್ದು ಮುಂದೆ ಬಂದಳು. ನಾನು ಸಭೆಯನ್ನು ನೋಡಿದೆ. ಮೂರನೆಯ ಸಾಲಿನಲ್ಲಿ ನನ್ನ ತಂಗಿ ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನನ್ನ 14 ನಾಟಕಗಳನ್ನೂ ಅವಳು ನೋಡಿದ್ದಾಳೆ. ಪ್ರತಿ ಸಲ ಮನೆಗೆ ಬಂದು, ಚೆನ್ನಾಗಿತ್ತು ಕಣಕ್ಕಾ, ಕುರ್ಚಿ ಮಾತ್ರ ಸೊಂಟ ಮುರೀತು ಅನ್ನುತ್ತಾಳೆ. ಒಂದು ದಿನವೂ ಅತ್ತವಳಲ್ಲ. ನನಗೆ ಮೈ ಪರಚಿಕೊಳ್ಳುವಂತಾಯಿತು. ಗಂಟು ಬಿಚ್ಚಿದೆ, ಹಗ್ಗ ಕೈಜಾರಿತು. ಹುಡುಗಿಯರು ಯಾರೂ ಕೋಲಿನ ಕೆಳಗಿಲ್ಲ ಎಂದು ನೋಡಿಕೊಂಡಿದ್ದೆ. ಮುಖ್ಯೋಪಾಧ್ಯಾಯರ ಕಾಲನ್ನು ನೋಡಿರಲಿಲ್ಲ. ಕೋಲು ಅವರ ಬಲಗಾಲಿನ ಹೆಬ್ಬೆರಳಿನ ಮೇಲೆ ಬಿದ್ದು ಮೂಳೆ ಮುರಿಯಿತು. ಅವರು ಆಟ ಮುಗಿಯುವವರೆಗೂ ಬಾಯಿ ಬಿಡಲಿಲ್ಲ. ಅದನ್ನು ಮೆಚ್ಚಬೇಕು.

ಮೂವರು ಪರದೆಯ ಹಿಂದೆ ಉಳಿದರು, ನನ್ನ ತಂಗಿಯ ಮಗಳೊಬ್ಬಳೇ ಮುಂದೆ. ಇಲ್ಲಿಗೆ ನಾಟಕ ಕೆಟ್ಟಿತು ಎಂದುಕೊಂಡೆ. ಅವಳು ತಿರುಗಿ ಪರದೆಯ ಮೇಲೆ ಅಂಗೈ ಇಟ್ಟು, ಇನ್ನೂ ಅಲ್ಲೇ ಇದೀರೇನ್ರೇ ಎಂದು ಕೇಳಿದಳು. ಒಳಗಿನಿಂದ ಮೂವರೂ, ಇದೀವಿ ಕಣೇ, ನೀನು ಹೊರಡು ಎಂದರು. ಇದು ಬರೆದ ನಾಟಕದಲ್ಲಿ ಇಲ್ಲದ ಮಾತು. ಅವಳು ಮೆಟ್ಟಿಲಿಳಿದು ಜನರ ನಡುವೆ ನಡೆದು ಬಾಗಿಲಿನಿಂದ ಹೊರಗೆ ಹೋದಳು. ಆಮೇಲೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತೀರ್ಪುಗಾರರು ಮೊದಲ ಬಹುಮಾನ ಕೊಡುತ್ತಾ, ಪರದೆಯನ್ನೇ ಒಂದು ಪಾತ್ರ ಮಾಡಿದ್ದು ಇಡೀ ಸ್ಪರ್ಧೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಕೆಲಸ ಎಂದರು.

ಶುಕ್ರವಾರ ಮುಖ್ಯೋಪಾಧ್ಯಾಯರು ಜವಾನನ ಮೇಲೆ ದೂರು ಕೊಟ್ಟರು. ಶನಿವಾರ ಅವನನ್ನು ಈ ಠಾಣೆಯ ಬೆಂಚಿನ ಮೇಲೆ ಎರಡು ಗಂಟೆ ಕೂರಿಸಿದ್ದರು. ಅವನು ನೀರು ತರಲು ಹೋಗಿದ್ದೆ ಎಂದನೇ ಹೊರತು ಕಳಿಸಿದವಳು ನಾನೆಂದು ಹೇಳಲಿಲ್ಲ. ನಾನೂ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಅದಕ್ಕೆ ನಾಚಿಕೆಯಾಗುತ್ತದೆ.

ನಿನ್ನೆ ಭಾನುವಾರ ಸಂಜೆ 5 ಗಂಟೆಗೆ ಹೊಸ ಟೀಚರ್ ನಮ್ಮ ಮನೆಗೆ ಬಂದರು. ಪರದೆ ಬೀಳಿಸಿದ್ದು ತಮ್ಮದೇ ಯೋಜನೆ, ಮೊದಲೇ ಹೇಳದಿದ್ದದ್ದು ತಪ್ಪಾಯಿತು ಎಂದು ಮುಖ್ಯೋಪಾಧ್ಯಾಯರಿಗೆ ಹೇಳಿ ಬಂದಿರುವುದಾಗಿಯೂ, ಸೋಮವಾರ ಅವರು ದೂರು ವಾಪಸು ತೆಗೆದುಕೊಳ್ಳುವುದಾಗಿಯೂ ತಿಳಿಸಿದರು. ಯಾಕೆ ಹಾಗೆ ಹೇಳಿದ್ರಿ ಎಂದು ಕೇಳಿದೆ. ಅಕ್ಕಾ, ಆ ಗಂಟು ಜವಾನನಿಗೆ ಬಿಚ್ಚೋಕೆ ಬರಲ್ಲ, ನಂಗೊತ್ತು ಎಂದರು. ಆಮೇಲೆ, ಮುಂದಿನ ತಿಂಗಳು ಮೇಲಿನ ಹಂತದ ಸ್ಪರ್ಧೆ ಇದೆ, ಅಲ್ಲೂ ನೀವೇ ಬಂದು ಪರದೆ ಬಿಡಬೇಕು, ನಿಮ್ಮಷ್ಟು ಸರಿಯಾದ ಹೊತ್ತಿಗೆ ಯಾರೂ ಬಿಡಲ್ಲ ಎಂದರು. ಅವರ ಮುಖದಲ್ಲಿ ಅಣಕವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ರಾತ್ರಿಯಿಡೀ ನಿದ್ದೆ ಬರಲಿಲ್ಲ. ಜವಾನನಿಗಾಗಿ ಬಂದೆ ಎಂದು ಬರೆಸಿದರೆ ನನಗೆ ಒಳ್ಳೆಯ ಹೆಸರು ಬರುತ್ತದೆ. ಆದರೆ ಅವನು ಹೇಗೂ ಪಾರಾಗಿದ್ದಾನೆ. ನಾನು ಬಂದಿರುವುದು ನನ್ನ ಹೊಟ್ಟೆಕಿಚ್ಚನ್ನೂ ಆಕೆ ತನ್ನ ಯೋಜನೆಯೆಂದು ಬರೆಸಿಕೊಳ್ಳಬಾರದು ಎಂಬುದಕ್ಕೆ. ಪ್ರಮಾಣಪತ್ರದಲ್ಲಿ ರಚನೆ, ನಿರ್ದೇಶನ, ರಂಗಸಜ್ಜಿಕೆ ಮೂರಕ್ಕೂ ಆಕೆಯ ಹೆಸರೇ ಇದೆ. ವೇದಿಕೆಯ ಮೇಲೆ ಏನೇ ಮುರಿದರೂ ನಿಲ್ಲಿಸಬೇಡ, ಎದುರಿಗಿರುವುದನ್ನು ಮುಟ್ಟಿ ಮಾತು ಮುಂದುವರಿಸು ಎಂದು ನನ್ನ ತಂಗಿಯ ಮಗಳಿಗೆ ಎಂಟನೆಯ ತರಗತಿಯಲ್ಲಿ ಕಲಿಸಿದವಳು ನಾನು. ಪರದೆ ಹೊಲಿದವಳು ನಾನು. ಬೀಳಿಸಿದವಳು ನಾನು. ನನ್ನ ಕೆಲಸಕ್ಕೆ ಕುತ್ತು ಬರಬಹುದೆಂದು ಇನ್ಸ್‌ಪೆಕ್ಟರ್ ಸಾಹೇಬರು ಎರಡು ಸಲ ಎಚ್ಚರಿಸಿದ್ದಾರೆ. ಬರಲಿ.

ಮೇಲೆ ಬರೆಸಿದ್ದೆಲ್ಲ ನಾನು ಕಂಡು, ಮಾಡಿ, ಅನುಭವಿಸಿದ್ದು. ಇದನ್ನು ನನಗೆ ಓದಿ ಹೇಳಲಾಗಿದೆ. ಆರನೆಯ ಪ್ಯಾರಾದಲ್ಲಿ ಹಗ್ಗ ಕೈಜಾರಿತು ಎಂದು ಬರೆಯಲಾಗಿದೆ. ಹಾಗೆ ಹೇಳಿದ್ದು ನಾನೇ. ಅದು ತಪ್ಪು. ಹಗ್ಗ ಬಿಟ್ಟೆ ಎಂದು ಓದಿಕೊಳ್ಳಬೇಕು. ಉಳಿದದ್ದೆಲ್ಲ ಸರಿಯಿದೆ.

ಸ್ಥಳ: ಪೊಲೀಸ್ ಠಾಣೆ
ದಿನ: ಸ್ಪರ್ಧೆ ನಡೆದು ನಾಲ್ಕನೆಯ ದಿನ, ಸೋಮವಾರ, ಬೆಳಿಗ್ಗೆ 11 ಗಂಟೆ 50 ನಿಮಿಷ
ಸಹಿ: (ಹೊಲಿಗೆ ಟೀಚರ್)