ಆಫ್ ಮಾಡಿದ್ದೆ

ಹಲೋ... ಹಲೋ, ಯಾರು ಮಾತಾಡ್ತಿರೋದು? ಸ್ವಲ್ಪ ಜೋರಾಗಿ ಹೇಳಿ, ಏನೂ ಕೇಳಿಸ್ತಿಲ್ಲ...

ಓಹೋ, ತಮ್ಮನವರಾ! ಒಂದು ವರ್ಷ ಆದ್ಮೇಲೆ ಅಕ್ಕ ನೆನಪಾದ್ಲಾ? ಇಲ್ಲ, ಬೇರೆ ಯಾರಿಗೋ ಮಾಡೋಕೆ ಹೋಗಿ ನನಗೆ ಬಂತಾ?...

ಹಾಂ, ಚೆನ್ನಾಗಿದ್ದೀನಿ. ಬೆರಳಾ? ಎಲ್ಲಿಗೆ ಹೋಗುತ್ತೆ, ಕೈಯಲ್ಲೇ ಇದೆ. ಎರಡು ಮಡಚಲ್ಲ, ಅಷ್ಟೇ. ಸ್ಕ್ರೂಡ್ರೈವರ್ ಎಡಗೈಲಿ ಹಿಡಿಯೋದು ಕಲಿತಿದ್ದೀನಿ. ಪೀಠಿಕೆ ಸಾಕು, ವಿಷಯಕ್ಕೆ ಬಾ...

ರೋಬಾಟ್ ಕಾಳಗ ಇವತ್ತೇನಾ? ಇನ್ನರ್ಧ ಗಂಟೇಲಾ? ನಿಂದು ಇನ್ನೂ ಹೊಟ್ಟೆ ಬಿಚ್ಕೊಂಡು ಮಲಗಿದೆ, ಅಲ್ವಾ? ಅಂದ್ಕೊಂಡೆ...

ಬ್ಯಾಟರಿ ಎಷ್ಟು ವೋಲ್ಟು? ಇಪ್ಪತ್ನಾಲ್ಕಾ? ಅದನ್ನ ರಿಮೋಟಿನ ರಿಸೀವರ್‌ಗೆ ನೇರ ಕೊಟ್ಟೀಯ ಮತ್ತೆ, ಸುಟ್ಟು ಕರಕಲಾಗುತ್ತೆ. ಐದು ವೋಲ್ಟಿಗೆ ಇಳಿಸೋ ಪುಟ್ಟ ಬೋರ್ಡ್ ಬರುತ್ತಲ್ಲ, ಮಧ್ಯೆ ಹಾಕು. ಇದನ್ನೂ ನಾನೇ ಹೇಳ್ಬೇಕಾ? ಎಲ್ಲರ ಮುಂದೆ ಮಾತ್ರ ವೈರಿಂಗ್ ಎಲ್ಲಾ ನಂದೇ ಅಂತ ಕೊಚ್ಕೊಳ್ತೀಯಂತೆ...

ಮೇನ್ ಸ್ವಿಚ್ಚಾ? ಇದ್ದಿದ್ದು ಏನಾಯ್ತು?... ಮುರೀತಾ. ಈಗ ಕೈಯಲ್ಲಿ ಏನಿದೆ?... ಗೋಡೆ ಸ್ವಿಚ್ಚು. ಹೋದ ವರ್ಷ ನಮ್ಮ ರೋಬಾಟಿಗೆ ನೀನೇ ತಂದು ಹಾಕಿದ್ಯಲ್ಲ, ಅದೇ ತರದ್ದು... ಅದರ ಬೆನ್ನ ಮೇಲೆ ಏನು ಬರೆದಿದೆ? ಹೋಗಿ ನೋಡ್ಕೊಂಡು ಬಾ, ಲೈನಲ್ಲೇ ಇರ್ತೀನಿ...

ರೀ, ಇಲ್ಲಿ ಬನ್ನಿ. ಮೆಲ್ಲಗೆ! ಫೋನ್ ಮೇಜಿನ ಮೇಲಿಟ್ಟು ಸ್ವಿಚ್ ನೋಡೋಕೆ ಹೋಗಿದ್ದಾನೆ. ಹಾಂ, ಅವನೇ, ನನ್ನ ತಮ್ಮ. ಅಕ್ಕ ಆಫ್ ಮಾಡೋದು ಮರೆತ್ಲು ಅಂತ ಕಂಡಕಂಡವರಿಗೆಲ್ಲ ಸಾರಿ, ನನ್ನನ್ನ ಆಟದಿಂದಲೇ ಹೊರಗೆ ಹಾಕಿಸಿದವನು. ಮತ್ತೆ ಅದೇ ಸ್ವಿಚ್ ಹಾಕ್ತಾನಂತೆ! ನಾನು ಕಾಯ್ತಿದ್ದಿದ್ದೇ ಇದಕ್ಕೆ ರೀ...

ಅಯ್ಯೋ, ಅದು ಮನೆ ಕರೆಂಟಿಗೆ ಮಾಡಿದ್ದು. ಮನೆ ಕರೆಂಟು ಕ್ಷಣಕ್ಷಣಕ್ಕೂ ಸೊನ್ನೆಗೆ ಬಂದು ಹೋಗುತ್ತೆ, ಸ್ವಿಚ್ ಒಳಗೆ ಕಿಡಿ ಎದ್ರೂ ತಾನೇ ಆರುತ್ತೆ. ಬ್ಯಾಟರಿದು ಒಂದೇ ಸಮ ಹರಿಯುತ್ತೆ, ಕಿಡಿ ಆರಲ್ಲ. ಒಳಗಿನ ಲೋಹ ಕರಗಿ ಒಂದಕ್ಕೊಂದು ಅಂಟ್ಕೊಳ್ಳುತ್ತೆ. ಮೇಲೆ ನೋಡಿದ್ರೆ ಆಫ್, ಒಳಗೆ ಆನ್. ಆಸ್ಪತ್ರೆಯಿಂದ ಬಂದು ನಾನೇ ಬಿಚ್ಚಿ ನೋಡಿದ್ದಲ್ವಾ?... ಯಾಕೆ ಹೇಳ್ಲಿಲ್ಲ ಅಂದ್ರೆ? ಯಾರಿಗೆ ಹೇಳ್ಲಿ? ಅಪ್ಪಾನೇ ಅವನ ಮಾತು ನಂಬಿದ್ರು. ಅನುಭವಿಸಲಿ ಬಿಡಿ. ನನ್ನ ನೋವು ಏನು ಅಂತ ಅವನಿಗೂ ಒಂದ್ಸಲ... ಶ್, ಬಂದ.

ಹಾಂ, ಹೇಳು. ಇನ್ನೂರೈವತ್ತು ವೋಲ್ಟು, ಹದಿನಾರು ಆಂಪಿಯರ್. ಇನ್ನೇನು ಬೇಕೋ? ಇನ್ನೂರೈವತ್ತು ತಡೆಯೋದು ಇಪ್ಪತ್ನಾಲ್ಕು ತಡೆಯಲ್ವಾ? ಧಾರಾಳವಾಗಿ ಹಾಕು. ಕಣ್ಮುಚ್ಕೊಂಡು ಹಾಕು...

ಛೆ ಛೆ, ನನಗ್ಯಾಕೆ ಕೋಪ? ಒಡಹುಟ್ಟಿದವನು ನೀನು. ಗೆದ್ದು ಬಾ. ಆಟ ಮುಗಿದ ಮೇಲೆ ಕೈ ಹಾಕಿ ನೀಟಾಗಿ ಆಫ್ ಮಾಡು. ಮರೀಬೇಡ ಮತ್ತೆ, ನನ್ನ ಹಾಗೆ...

ನೀನಲ್ವಾ? ನೀನು ರಿಮೋಟ್ ಹಿಡ್ಕೊಂಡು ಹೊರಗೆ ನಿಂತಿರ್ತೀಯ, ಸರಿ. ಮತ್ತೆ ಆಫ್ ಮಾಡೋಕೆ ಒಳಗೆ ಹೋಗೋದು ಯಾರು?... ಯಾರು? ಇನ್ನೊಂದ್ಸಲ ಹೇಳು...

ಅಪ್ಪಾನಾ? ಗಡಿಯಾರ ರಿಪೇರಿ ಮಾಡೋ ಕೈ ಕಣೋ ಅದು!... ಮಗಳ ತರ ನಾನು ಮರೆಯಲ್ಲ ಅಂದ್ರಾ? ಹಾಗಂದ್ರಾ ಅಪ್ಪ?...

ಕೇಳಿಲ್ಲಿ. ಆ ಸ್ವಿಚ್ ಹಾಕ್ಬೇಡ. ಸುಳ್ಳು ಹೇಳ್ದೆ ನಾನು. ಬ್ಯಾಟರಿ ತಂತಿಗೆ ಎಳೆದು ತೆಗೆಯೋ ಪ್ಲಗ್ ಹಾಕು. ಕಿತ್ತು ಕೈಯಲ್ಲಿ ಹಿಡ್ಕೊಂಡ್ರೆ ಕರೆಂಟ್ ಇಲ್ಲ ಅಂತ ಕಣ್ಣಿಗೇ ಕಾಣುತ್ತೆ...

ಹೊಟ್ಟೆಕಿಚ್ಚಲ್ಲ ಕಣೋ! ಗೆಲ್ಲು, ಕಪ್ ತಲೆ ಮೇಲೆ ಹೊತ್ಕೊಂಡು ಕುಣಿ, ನನಗೇನು? ನಗಬೇಡ!... ಮಾತಾಡ್ತಾನೇ ಸ್ವಿಚ್ ಕೂರಿಸಿಬಿಟ್ಯಾ? ಆಟಕ್ಕೆ ಕರೀತಿದ್ದಾರಾ? ಅಪ್ಪನಿಗೆ ಫೋನ್ ಕೊಡು. ಕೊಡೋ ಅಂದ್ರೆ!...

ಅಪ್ಪಾ... ಹಾಂ, ನಾನೇ. ಬೈಯೋದು ಆಮೇಲೆ ಬೈಯಿರಿ, ಈಗ ಕೇಳಿ. ಹೋದ ಸಲ ರೋಬಾಟಿನ ಅಲಗು ಅಖಾಡದ ಹಲಗೆಗೆ ಕಚ್ಕೊಂಡು ನಿಂತಿತ್ತಲ್ಲ, ನಾನು ಆಫ್ ಮಾಡೇ ಎಳೆದಿದ್ದು. ಆದ್ರೂ ತಿರುಗಿ ಬೆರಳಿಗೆ ಬಿತ್ತು. ಸ್ವಿಚ್ ಒಳಗೆ ಅಂಟ್ಕೊಂಡಿತ್ತು. ಇದೂ ಅದೇ ಸ್ವಿಚ್ಚು. ಕೈ ಹಾಕ್ಬೇಡಿ ಅಪ್ಪಾ...

ಮರೆತಿರಲಿಲ್ಲ. ಆಣೆ ಮಾಡಿ ಹೇಳ್ತೀನಿ, ಆಫ್ ಮಾಡಿದ್ದೆ. ನಂಬ್ತೀರಾ?...

ಅಪ್ಪಾ? ಫೋನ್ ಇಡ್ಬೇಡಿ. ಇವತ್ತೊಂದು ದಿನ ನಂಬಿ. ನಾಳೆಯಿಂದ ಬೇಕಾದ್ರೆ ಅವನನ್ನೇ... ಹಲೋ? ಅಪ್ಪಾ, ಹಲೋ...